ಗಾರೆಯಿಲ್ಲದೆ ನಿಂತ ಗೋಡೆಗಳ ದ್ವೀಪದಲ್ಲಿ ಐದು ದಿನ

ಮಯೋರ್ಕಾಕ್ಕೆ ಹೋಗಿದ್ದೆವು ಎಂದಾಗ ಊರಲ್ಲಿ ಎಲ್ಲರೂ ಕೇಳಿದ್ದು ಎರಡೇ ಪ್ರಶ್ನೆ. ಅದು ಎಲ್ಲಿದೆ? ಅಲ್ಲೇನಿದೆ? ಮೊದಲನೆಯದಕ್ಕೆ ಉತ್ತರ ಸುಲಭ. ಯುರೋಪಿನ ಕೆಳಗೆ ಮೆಡಿಟರೇನಿಯನ್ ಸಮುದ್ರ ಇದೆಯಲ್ಲ, ಅದರಲ್ಲಿ ಸ್ಪೇನ್ ದೇಶಕ್ಕೆ ಸೇರಿದ ಒಂದು ದ್ವೀಪ. ವಿಸ್ತೀರ್ಣ ಸುಮಾರು 3,640 ಚದರ ಕಿಲೋಮೀಟರ್, ಅಂದರೆ ನಮ್ಮ ಕೊಡಗು ಜಿಲ್ಲೆಗಿಂತ ಸ್ವಲ್ಪ ಚಿಕ್ಕದು. ಎರಡನೆಯದಕ್ಕೆ ಉತ್ತರ ಹೇಳೋಕೆ ಹೋದರೆ ಕೇಳಿದವರು ನಗುತ್ತಾರೆ. ‘ಕಲ್ಲಿದೆ’ ಎಂದೆವು. ‘ಕಲ್ಲು ನೋಡೋಕೆ ಅಷ್ಟು ದೂರ ಹೋಗಬೇಕಿತ್ತಾ? ನಮ್ಮ ಹೊಲ್ದಾಗ ಇಲ್ಲವಾ?’ ಎಂದರು ನಮ್ಮಲ್ಲೊಬ್ಬನ ಚಿಕ್ಕಪ್ಪ.

ಇದೆ ಚಿಕ್ಕಪ್ಪ. ಅದಕ್ಕೇ ಇದನ್ನು ಬರೆಯುತ್ತಿದ್ದೇವೆ.

ನಾವು ಹೋದದ್ದು ಮೂವರು. ಒಂದೇ ಬ್ಯಾಚಿನಲ್ಲಿ ಪತ್ರಿಕೋದ್ಯಮ ಓದಿದವರು. ಮೂರು ತಿಂಗಳ ಒಂದು ತರಬೇತಿಗೆ ಬಾರ್ಸಿಲೋನಾಗೆ ಹೋಗಿದ್ದೆವು. ವಾಪಸು ಬರುವ ಮೊದಲು ಒಂದು ವಾರ ಕೈಯಲ್ಲಿತ್ತು. ಉಳಿಸಿದ ಭತ್ಯೆಯನ್ನೆಲ್ಲ ಒಟ್ಟುಗೂಡಿಸಿ, ಗೈಡ್ ಜೊತೆ ಐದು ದಿನ ನಡೆಯುವ ಒಂದು ಗುಂಪಿಗೆ ಹೆಸರು ಕೊಟ್ಟೆವು. ಬಾರ್ಸಿಲೋನಾದಿಂದ ರಾತ್ರಿ ಹಡಗು ಹತ್ತಿದರೆ ಬೆಳಿಗ್ಗೆ ದ್ವೀಪದ ರಾಜಧಾನಿ ಪಾಲ್ಮಾ. ನಮ್ಮ ಹುಬ್ಬಳ್ಳಿ–ಬೆಂಗಳೂರು ರಾತ್ರಿ ಬಸ್ಸಿನ ಹಾಗೆಯೇ, ಯಾರೋ ಒಬ್ಬರು ಗೊರಕೆ ಹೊಡೆಯುತ್ತಾರೆ, ಇನ್ನೊಬ್ಬರು ಫೋನಿನಲ್ಲಿ ಜೋರಾಗಿ ಸಿನಿಮಾ ನೋಡುತ್ತಾರೆ.

ಆ ಮೂವರಲ್ಲಿ ಇಬ್ಬರ ಬಗ್ಗೆ ಎರಡು ಮಾತು ಹೇಳಲೇಬೇಕು. ಒಬ್ಬನ ಅಜ್ಜ ಚಿತ್ರದುರ್ಗ ಸೀಮೆಯಲ್ಲಿ ಜೀವಮಾನವಿಡೀ ಕಲ್ಲಿನ ಕೆಲಸ ಮಾಡಿದವರು. ಬಾವಿಗೆ ಕಲ್ಲು ಕಟ್ಟುವುದು, ಹೊಲಕ್ಕೆ ಬದು ಹಾಕುವುದು, ಕೆರೆ ಏರಿಗೆ ಕಲ್ಲು ಹೊದಿಸುವುದು. ಇನ್ನೊಬ್ಬಳದು ಸಕಲೇಶಪುರದ ಕಡೆ ಮೂರು ಎಕರೆ ಕಾಫಿ ತೋಟ. ನಾವು ಹೊರಟ ವಾರವೇ ಅವರ ಅಪ್ಪನ ಬಳಿ ಒಬ್ಬ ದಲ್ಲಾಳಿ ಬಂದಿದ್ದ. ರೆಸಾರ್ಟಿಗೆ ಜಾಗ ಬೇಕು, ಬೆಲೆ ನೀವೇ ಹೇಳಿ ಎಂದಿದ್ದ. ಅಪ್ಪನ ವಾಯ್ಸ್ ಮೆಸೇಜುಗಳು ದಿನಾ ಬರುತ್ತಿದ್ದವು. ಅವಳು ನಡೆಯುತ್ತಾ ಕೇಳುತ್ತಿದ್ದಳು, ಉತ್ತರ ಮಾತ್ರ ಕಳಿಸುತ್ತಿರಲಿಲ್ಲ.

ಮೂರನೆಯವನ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ಅವನಿಗೆ ಎರಡನೇ ದಿನವೇ ಕಾಲಲ್ಲಿ ಬೊಬ್ಬೆ ಎದ್ದಿತ್ತು, ಅಷ್ಟೇ.

ದ್ವೀಪದ ವಾಯುವ್ಯ ಅಂಚಿನ ಉದ್ದಕ್ಕೂ ಒಂದು ಬೆಟ್ಟಸಾಲು ಇದೆ. ಹೆಸರು ಸೆರ್ರಾ ದೆ ತ್ರಮುಂತಾನಾ. ಸುಣ್ಣಕಲ್ಲಿನ ಬೆಟ್ಟಗಳು, ಬೆಳ್ಳಗೆ, ಒಣಗಿದಂತೆ ಕಾಣುತ್ತವೆ. ಅತಿ ಎತ್ತರದ ಶಿಖರ ಪುಚ್ ಮಜೋರ್ 1,400 ಮೀಟರ್ ದಾಟುತ್ತದೆ. ಅದರ ನೆತ್ತಿಯಲ್ಲಿ ಸೇನೆಯ ರೇಡಾರ್ ಇರುವುದರಿಂದ ಸಾರ್ವಜನಿಕರು ಹತ್ತುವ ಹಾಗಿಲ್ಲ. ಈ ಸಾಲಿನ ಉದ್ದಕ್ಕೂ ಒಂದು ಕಾಲುದಾರಿ ಹೋಗುತ್ತದೆ. ಅದರ ಸಂಖ್ಯೆ ಜಿಆರ್ 221, ಊರವರು ಕರೆಯುವುದು ‘ಒಣಗಲ್ಲಿನ ದಾರಿ’ ಎಂಬ ಅರ್ಥದ ಹೆಸರಿನಿಂದ. ಒಣಗಲ್ಲು ಅಂದರೆ ಗಾರೆ, ಸಿಮೆಂಟು, ಮಣ್ಣು ಏನೂ ಹಾಕದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ್ದು. ನಾವು ನಡೆದದ್ದು ಅದರ ಅರ್ಧದಷ್ಟು. ವಾಲ್ದೆಮೋಸ್ಸಾ ಎಂಬ ಊರಿಂದ ಪೊಯೆನ್ಸಾ ಎಂಬ ಊರಿಗೆ, 70 ಕಿಲೋಮೀಟರ್ ಆಸುಪಾಸು.

ನಮ್ಮ ಗೈಡ್ ಐವತ್ತರ ಆಸುಪಾಸಿನ ಹೆಂಗಸು. ಗುಂಪಿನಲ್ಲಿ ನಮ್ಮ ಜೊತೆ ಜರ್ಮನಿಯ ಕೆಲವು ನಿವೃತ್ತರೂ ಇದ್ದರು. ಅವರೆಲ್ಲ ಆಕೆಯನ್ನು ಹೆಸರು ಹಿಡಿದು ಕರೆಯುತ್ತಿದ್ದರು. ನಮಗೆ ಬಾಯಿ ಬರಲಿಲ್ಲ. ನಮ್ಮೊಳಗೆ ‘ಗೈಡಕ್ಕ’ ಎಂದುಕೊಂಡೆವು. ಎರಡನೇ ದಿನ ಆಕೆಗೆ ಗೊತ್ತಾಗಿ, ಅಕ್ಕ ಅಂದರೇನೆಂದು ಕೇಳಿ ತಿಳಿದುಕೊಂಡು, ಮೂರನೇ ದಿನದಿಂದ ‘ಅಕ್ಕ’ ಎಂದರೆ ಮಾತ್ರ ತಿರುಗುತ್ತಿದ್ದರು.

ಮೊದಲ ದಿನ ಹೊರಡುವ ಮೊದಲು ಅಕ್ಕ ಹಾಕಿದ ನಿಯಮ ಮೂರು. ಗೋಡೆ ಹತ್ತಬಾರದು, ದಾಟಲು ಇಟ್ಟಿರುವ ಮರದ ಏಣಿಯಲ್ಲೇ ದಾಟಬೇಕು. ಚೆಂದ ಅಂತ ದಾರಿಯಲ್ಲಿ ಕಲ್ಲು ಪೇರಿಸಬಾರದು, ಅದನ್ನು ದಾರಿಗುರುತು ಅಂದುಕೊಂಡು ಯಾರಾದರೂ ಕಣಿವೆಗೆ ಹೋದಾರು. ತೆರೆದ ಗೇಟನ್ನು ಹಾಕಲೇಬೇಕು, ಕುರಿ ನುಗ್ಗುತ್ತವೆ. ಮೂರನೆಯದನ್ನು ನಮಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ತಡಮೆ ಹಾಕದೆ ಬಂದರೆ ಏನಾಗುತ್ತದೆ ಅಂತ ಗೊತ್ತಿರುವವರು ನಾವು.

ವಾಲ್ದೆಮೋಸ್ಸಾದಲ್ಲಿ ಹಳೆಯ ಒಂದು ಮಠ ಇದೆ. 1838ರ ಚಳಿಗಾಲದಲ್ಲಿ ಶೋಪಾನ್ ಎಂಬ ದೊಡ್ಡ ಸಂಗೀತಗಾರ, ಜಾರ್ಜ್ ಸಾಂಡ್ ಎಂಬ ಲೇಖಕಿ ಅಲ್ಲಿ ಬಾಡಿಗೆಗಿದ್ದರಂತೆ. ಆತನಿಗೆ ಕಾಯಿಲೆ, ಹೊರಗೆ ಬಿಡದ ಮಳೆ. ಆಕೆ ಮುಂದೆ ಬರೆದ ಪುಸ್ತಕದಲ್ಲಿ ಊರವರನ್ನು ಚೆನ್ನಾಗಿಯೇ ಬೈದಿದ್ದಾರೆ. ಈಗ ಅದೇ ಪುಸ್ತಕವನ್ನು ಅದೇ ಊರಿನ ಅಂಗಡಿಗಳಲ್ಲಿ ಮಾರುತ್ತಾರೆ. ಬೈದವರನ್ನೂ ವ್ಯಾಪಾರಕ್ಕೆ ಹಚ್ಚುವ ಆ ಜಾಣತನ ನಮಗೆ ಹಿಡಿಸಿತು.

ಅಲ್ಲಿಂದ ಮೇಲೆ ಹತ್ತಿದರೆ ಸಿಗುವುದು ಆರ್ಚ್‌ಡ್ಯೂಕನ ದಾರಿ. ಆಸ್ಟ್ರಿಯಾದ ರಾಜಮನೆತನದ ಲುಡ್ವಿಗ್ ಸಾಲ್ವಾಟೋರ್ ಎಂಬುವನು 1872ರಲ್ಲಿ ಇಲ್ಲಿ ಮೊದಲ ಜಮೀನು ಕೊಂಡ. ಆಮೇಲೆ ಒಂದಾದ ಮೇಲೊಂದು ಎಸ್ಟೇಟು ಕೊಳ್ಳುತ್ತಾ ಹೋಗಿ, ಬೆಟ್ಟದ ನೆತ್ತಿಯಲ್ಲಿ ಕುದುರೆ ಹೋಗುವಷ್ಟು ಅಗಲದ ಕಲ್ಲುದಾರಿ ಮಾಡಿಸಿದ. ಬರೀ ಸಮುದ್ರ ನೋಡಲಿಕ್ಕೆ. ಒಂದು ಕಡೆ ಪ್ರಪಾತ, ಕೆಳಗೆ ನೀಲಿ ಸಮುದ್ರ, ಇನ್ನೊಂದು ಕಡೆ ಇಡೀ ಬಯಲು. ಗಾಳಿ ಎಷ್ಟು ಜೋರಿತ್ತೆಂದರೆ ಸಕಲೇಶಪುರದವಳು ಬಗ್ಗಿಕೊಂಡೇ ನಡೆದಳು. ದಾರಿ ಚೆನ್ನಾಗಿದೆ, ಸುಳ್ಳು ಹೇಳಬಾರದು. ಆದರೆ ಆ ಕಲ್ಲು ಹೊತ್ತವರು ಯಾರು, ಕೂಲಿ ಎಷ್ಟು ಸಿಕ್ಕಿತ್ತು ಎಂದು ಕೇಳಿದ್ದು ಚಿತ್ರದುರ್ಗದವನು ಒಬ್ಬನೇ. ಅಕ್ಕ ಅವನನ್ನು ಒಂದು ಕ್ಷಣ ನೋಡಿ, ‘ಆ ಪ್ರಶ್ನೆ ನಾಡಿದ್ದಿಗೆ ಇಟ್ಟುಕೋ’ ಎಂದರು.

ರಾತ್ರಿ ದೆಯ್ಯಾ ಎಂಬ ಊರು. ಇಂಗ್ಲಿಷ್ ಕವಿ ರಾಬರ್ಟ್ ಗ್ರೇವ್ಸ್ 1929ರಲ್ಲಿ ಬಂದು ನೆಲೆಸಿ, 1985ರಲ್ಲಿ ಇಲ್ಲೇ ತೀರಿಕೊಂಡವರು. ಅವರ ಸಮಾಧಿ ಚರ್ಚಿನ ಪಕ್ಕ, ಸಿಮೆಂಟಿನ ಮೇಲೆ ಕೈಯಲ್ಲಿ ಗೀಚಿದಂಥ ಅಕ್ಷರ, ಅಷ್ಟೇ. ಊರು ಚಿತ್ರದ ಹಾಗಿದೆ. ಆದರೆ ಕತ್ತಲಾದ ಮೇಲೆ ನೋಡಿದರೆ ಬಹಳ ಮನೆಗಳಲ್ಲಿ ದೀಪ ಇಲ್ಲ. ‘ಬೇಸಿಗೆಯಲ್ಲಿ ಮಾತ್ರ ಬರುವವರು’ ಎಂದರು ಅಕ್ಕ. ಅವರು ಹುಟ್ಟಿದ್ದು ಪಕ್ಕದ ಸೋಯೆರ್ ಕಣಿವೆಯಲ್ಲಿ. ಈಗ ಇರುವುದು ಬಯಲಿನ ಇಂಕಾ ಪಟ್ಟಣದಲ್ಲಿ, ಬಾಡಿಗೆ ಫ್ಲಾಟಿನಲ್ಲಿ. ಅಜ್ಜಿಯ ಮನೆಯನ್ನು ಅಣ್ಣತಮ್ಮಂದಿರು ಸೇರಿ ಮಾರಿದರು. ಪಾಲಿಗೆ ಬಂದ ದುಡ್ಡಿನಲ್ಲಿ ಅದೇ ಬೀದಿಯಲ್ಲಿ ಒಂದು ಗ್ಯಾರೇಜೂ ಸಿಗಲಿಲ್ಲ ಎಂದು ನಕ್ಕರು. ನಮ್ಮಲ್ಲಿ ಒಬ್ಬಳು ನಗಲಿಲ್ಲ.

ಊಟದ ವಿಷಯ ಇಲ್ಲೇ ಹೇಳಿಬಿಡುತ್ತೇವೆ, ಯಾಕೆಂದರೆ ಅಮ್ಮಂದಿರು ಕೇಳುವುದು ಅದನ್ನೇ. ನಮ್ಮಲ್ಲಿ ಇಬ್ಬರು ಮಾಂಸ ತಿನ್ನುವುದಿಲ್ಲ. ದಿನಾ ಸಿಕ್ಕಿದ್ದು ‘ಪಾ ಅಂಬ್ ಓಲಿ’. ಹೆಸರು ದೊಡ್ಡದು, ಅರ್ಥ ‘ಎಣ್ಣೆ ಹಾಕಿದ ಬ್ರೆಡ್ಡು’. ಒರಟು ಬ್ರೆಡ್ಡಿನ ಹೋಳಿಗೆ ಟೊಮೆಟೊ ಅರ್ಧ ಮಾಡಿ ಉಜ್ಜಿ, ಮೇಲೆ ಆಲಿವ್ ಎಣ್ಣೆ ಸುರಿದು, ಉಪ್ಪು ಉದುರಿಸುವುದು. ಆ ಟೊಮೆಟೊ ತಳಿಯನ್ನು ದಾರದಲ್ಲಿ ಪೋಣಿಸಿ ಗೊಂಚಲು ಮಾಡಿ ತೊಲೆಗೆ ತೂಗುಹಾಕುತ್ತಾರೆ. ಬೇಸಿಗೆಯಲ್ಲಿ ಕೊಯ್ದದ್ದು ಚಳಿಗಾಲದವರೆಗೆ ಕೆಡುವುದಿಲ್ಲ. ಸಂತೆಯಲ್ಲಿ ಟೊಮೆಟೊ ಕೆಜಿಗೆ ಐದು ರೂಪಾಯಿಗೆ ಬಿದ್ದಾಗ ರಸ್ತೆಗೆ ಸುರಿಯುವ ನಮ್ಮ ಕೋಲಾರದವರಿಗೆ ಆ ಬೀಜ ತೋರಿಸಬೇಕು ಅನ್ನಿಸಿತು. ಬದನೆಕಾಯಿ, ಆಲೂಗಡ್ಡೆ, ದೊಣ್ಣೆಮೆಣಸು ಕರಿದು ಟೊಮೆಟೊ ಗೊಜ್ಜು ಹಾಕುವ ‘ತುಂಬೆತ್’ ಕೂಡ ಒಳ್ಳೆಯದು. ಚಕ್ರದ ಹಾಗೆ ಸುತ್ತಿದ, ಸಕ್ಕರೆ ಪುಡಿ ಉದುರಿಸಿದ ಎನ್ಸಾಯ್ಮಾದ ಎಂಬ ಸಿಹಿ ತಿಂಡಿ ಎಲ್ಲ ಬೇಕರಿಯಲ್ಲೂ ಕಣ್ಣು ಸೆಳೆಯುತ್ತದೆ. ಅದನ್ನು ಮಾಡುವುದು ಹಂದಿ ಕೊಬ್ಬಿನಲ್ಲಿ, ಹೆಸರಿನಲ್ಲೇ ಕೊಬ್ಬು ಇದೆ. ಅಕ್ಕ ಮೊದಲೇ ಎಚ್ಚರಿಸಿದ್ದರು. ಮಾಂಸ ತಿನ್ನುವ ಮೂರನೆಯವನು ಮೂವರ ಪಾಲನ್ನೂ ತಿಂದ.

ಎರಡನೇ ದಿನದ ದಾರಿ ಹಗುರ. ಆಲಿವ್ ತೋಟಗಳ ನಡುವೆ. ಆಲಿವ್ ಎಂದರೆ ನಮ್ಮ ನೇರಳೆಹಣ್ಣಿನ ಹಾಗೆ ಕಾಣುವ ಕಾಯಿ, ಹಿಂಡಿದರೆ ಎಣ್ಣೆ. ನವೆಂಬರ್ ಆದ್ದರಿಂದ ಕೊಯ್ಲು ನಡೆಯುತ್ತಿತ್ತು. ಮರದ ಕೆಳಗೆ ಬಲೆ ಹಾಸಿ ಕೋಲಿನಿಂದ ಬಡಿಯುತ್ತಾರೆ, ನಮ್ಮಲ್ಲಿ ಹುಣಸೆ ಬಡಿದ ಹಾಗೆಯೇ. ನೂರಾರು ವರ್ಷದ ಮರಗಳು. ಕಾಂಡ ತಿರುಚಿ, ಟೊಳ್ಳಾಗಿ, ಒಳಗೆ ಮಕ್ಕಳು ಅಡಗಿಕೊಳ್ಳಬಹುದು. ಆದರೂ ಮೇಲೆ ಕಾಯಿ ಬಿಟ್ಟಿರುತ್ತದೆ.

ಆ ಮರಗಳು ನಿಂತಿರುವುದು ಮೆಟ್ಟಿಲುಗಳ ಮೇಲೆ. ಬೆಟ್ಟದ ಇಳಿಜಾರನ್ನು ಅಡ್ಡಡ್ಡ ಕತ್ತರಿಸಿ, ಒಂದೊಂದು ಹಂತಕ್ಕೂ ಆಳೆತ್ತರದ ಕಲ್ಲಿನ ಗೋಡೆ ಕಟ್ಟಿ, ಹಿಂದೆ ಮಣ್ಣು ತುಂಬಿದ್ದಾರೆ. ಕೆಲವು ಕಡೆ ಒಂದೇ ಒಂದು ಮರಕ್ಕೆ ಒಂದು ಗೋಡೆ. ಸಮುದ್ರದ ಮಟ್ಟದಿಂದ ಬೆಟ್ಟದ ಅರ್ಧದವರೆಗೆ ಹೀಗೇ. ಎಷ್ಟು ಮಂದಿ, ಎಷ್ಟು ತಲೆಮಾರು ಹೊತ್ತಿರಬೇಕು! 902ರಿಂದ 1229ರವರೆಗೆ ದ್ವೀಪ ಅರಬ್ಬರ ಆಳ್ವಿಕೆಯಲ್ಲಿತ್ತು. ಬುಗ್ಗೆಯ ನೀರನ್ನು ಕಾಲುವೆಯಲ್ಲಿ ಹಾಯಿಸಿ ತೊಟ್ಟಿಗೆ ತುಂಬಿ, ಸರದಿಯಂತೆ ಹಂಚುವ ಪದ್ಧತಿ ಆ ಕಾಲದಿಂದ ಬಂದದ್ದು. ಊರುಗಳ ಹೆಸರಲ್ಲೂ ಅದು ಉಳಿದಿದೆ. ಬಿನಿಯಾರೈಶ್, ಬಿನಿಸಲೇಮ್ ಹೀಗೆ ‘ಬಿನಿ’ ಎಂದು ಶುರುವಾಗುವ ಊರುಗಳು ಬಹಳ. ಅರಬ್ಬಿಯಲ್ಲಿ ‘ಇಂಥವರ ಮಕ್ಕಳು’ ಎಂದು ಅರ್ಥ. 1229ರಲ್ಲಿ ಜೌಮೆ ಎಂಬ ರಾಜ ದ್ವೀಪವನ್ನು ಗೆದ್ದ. ಆಳಿದವರು ಹೋದರು. ಹೆಸರು, ನೀರಿನ ಸರದಿ, ಎರಡೂ ಉಳಿದವು.

ಭಾಷೆಯ ಬಗ್ಗೆಯೂ ಒಂದು ಮಾತು. ಅಕ್ಕನ ಮನೆಮಾತು ಸ್ಪ್ಯಾನಿಷ್ ಅಲ್ಲ, ಕ್ಯಾಟಲಾನಿನ ಮಯೋರ್ಕಾ ರೂಪ. 1939ರಿಂದ 1975ರವರೆಗೆ ಫ್ರಾಂಕೋ ಆಳ್ವಿಕೆಯಲ್ಲಿ ಅದಕ್ಕೆ ಶಾಲೆಯಲ್ಲಿ ಜಾಗವಿರಲಿಲ್ಲ. ಅಕ್ಕನ ಅಮ್ಮನಿಗೆ ಆ ಮಾತು ನಿರರ್ಗಳ, ಆದರೆ ಅದರಲ್ಲಿ ಒಂದು ಚೀಟಿ ಬರೆಯಲೂ ಕಷ್ಟವಂತೆ. ದಾರಿಯಲ್ಲಿ ಎದುರಾದವರಿಗೆಲ್ಲ ‘ಬೋನ್ ದಿಯಾ’ ಎನ್ನಬೇಕೆಂದು ನಮಗೆ ಕಲಿಸಿದರು. ಹೇಳಿದರೆ ಹಿರಿಯರ ಮುಖ ಅರಳುತ್ತಿತ್ತು. ಪಾಲ್ಮಾದ ಹೋಟೆಲಿನಲ್ಲಿ ಅದೇ ಮಾತಿಗೆ ಇಂಗ್ಲಿಷಿನಲ್ಲಿ ಉತ್ತರ ಬಂದಿತ್ತು. ಬೆಂಗಳೂರು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೂರನೇ ದಿನ ಕಠಿಣ. ಸೋಯೆರ್ ಊರಿನಿಂದ ಬಿನಿಯಾರೈಶ್ ಕಣಿವೆ ಹತ್ತಿ, ಕೂಬೆರ್ ಜಲಾಶಯ ದಾಟಿ, ತೊಸ್ಸಾಲ್ಸ್ ವೆರ್ದ್ಸ್ ಎಂಬ ಬೆಟ್ಟದ ತಂಗುಮನೆ ಸೇರಬೇಕು. ಸುಮಾರು 20 ಕಿಲೋಮೀಟರ್. ಸೋಯೆರ್ ಕಿತ್ತಳೆಯ ಊರು. ಬೆಟ್ಟ ಅಡ್ಡ ಇದ್ದ ಕಾರಣ ಅವರಿಗೆ ಪಾಲ್ಮಾಕ್ಕಿಂತ ಫ್ರಾನ್ಸೇ ಹತ್ತಿರವಾಗಿತ್ತು. ಹಡಗಿನಲ್ಲಿ ಹಣ್ಣು ಹೋಗುತ್ತಿತ್ತು, ದುಡ್ಡು ಬರುತ್ತಿತ್ತು. 1912ರಲ್ಲಿ ಬೆಟ್ಟ ಕೊರೆದು ರೈಲು ಬಂತು. ಆ ಮರದ ಡಬ್ಬಿಯ ರೈಲು ಇವತ್ತೂ ಓಡುತ್ತದೆ, ತುಂಬ ಪ್ರವಾಸಿಗರೇ.

ಬಿನಿಯಾರೈಶ್ ಕಣಿವೆಯ ದಾರಿ ಇಡೀ ಕಲ್ಲಿನ ಮೆಟ್ಟಿಲು. ಒಂದೊಂದು ಮೆಟ್ಟಿಲೂ ಹೇಸರಗತ್ತೆಯ ಹೆಜ್ಜೆಯ ಅಳತೆಗೆ. ಎಣಿಸಲು ಶುರು ಮಾಡಿ ಮುನ್ನೂರಕ್ಕೆ ಕೈಬಿಟ್ಟೆವು. ಎರಡೂ ಕಡೆ ತಲೆಯೆತ್ತಿ ನೋಡಿದಷ್ಟು ಎತ್ತರಕ್ಕೆ ಮೆಟ್ಟಿಲುಗದ್ದೆಗಳು. ಅರ್ಧ ದಾರಿಯಲ್ಲಿ ಟಕ್, ಟಕ್ ಎಂಬ ಸದ್ದು ಕೇಳಿತು. ಚಿತ್ರದುರ್ಗದವನು ನಿಂತ. ‘ಕಲ್ಲು ಒಡೀತಿದಾರೆ’ ಎಂದ. ನಮಗೆ ಕೇಳಿದ್ದು ಬರೀ ಸದ್ದು. ಅವನಿಗೆ ಅದು ಸುತ್ತಿಗೆಯೋ, ಉಳಿಯೋ, ಕಲ್ಲು ಗಟ್ಟಿಯೋ ಮೆದುವೋ ಎಲ್ಲ ಗೊತ್ತಾಗುತ್ತಿತ್ತು.

ತಿರುವಿನಲ್ಲಿ ಮೂವರು ಕೆಲಸ ಮಾಡುತ್ತಿದ್ದರು. ಒಬ್ಬ ಅರವತ್ತು ದಾಟಿದವರು, ಇಬ್ಬರು ಹುಡುಗರು. ಮಳೆಗೆ ಗೋಡೆಯ ಒಂದು ಭಾಗ ಕುಸಿದು ದಾರಿಗೆ ಬಿದ್ದಿತ್ತು. ಬಿದ್ದ ಕಲ್ಲನ್ನೇ ಬೇರೆ ಬೇರೆ ಗುಡ್ಡೆ ಮಾಡಿದ್ದರು: ದೊಡ್ಡವು ಬುಡಕ್ಕೆ, ಮುಖ ಇರುವವು ಹೊರಗೆ, ಪುಡಿಗಲ್ಲು ಹಿಂದೆ ತುಂಬಲು. ಇವರನ್ನು ‘ಮರ್ಜೆರ್’ ಎನ್ನುತ್ತಾರೆ, ಬದು ಕಟ್ಟುವವರು. ಅಕ್ಕ ನಮ್ಮವನ ಕಡೆ ತಿರುಗಿ, ‘ಈಗ ಕೇಳು ನಿನ್ನ ಪ್ರಶ್ನೆ’ ಎಂದರು.

ಹಿರಿಯರು ಸುತ್ತಿಗೆ ಕೆಳಗಿಟ್ಟು ಉತ್ತರಿಸಿದರು, ಅಕ್ಕ ಅನುವಾದ ಮಾಡಿದರು. ಹಿಂದೆ ಕೂಲಿ ಕಡಿಮೆ, ಗೌರವ ಇನ್ನೂ ಕಡಿಮೆ. ಓದು ಹತ್ತದವನು ಕಲ್ಲಿಗೆ ಹೋಗು ಎನ್ನುತ್ತಿದ್ದರಂತೆ. 1960ರ ದಶಕದಲ್ಲಿ ಕಡಲ ತೀರದಲ್ಲಿ ಹೋಟೆಲುಗಳು ಎದ್ದಾಗ ಹುಡುಗರೆಲ್ಲ ಬೆಟ್ಟ ಇಳಿದು ಅಲ್ಲಿಗೆ ಹೋದರು. ಬಿದ್ದ ಗೋಡೆ ಬಿದ್ದಲ್ಲೇ ಉಳಿಯಿತು. ಈ ಕೆಲಸ ಗೊತ್ತಿದ್ದವರು ಬೆರಳೆಣಿಕೆಯಷ್ಟಾದಾಗ, 1980ರ ದಶಕದಲ್ಲಿ, ಹಿರಿಯ ಮರ್ಜೆರ್‌ಗಳನ್ನೇ ಗುರುಗಳಾಗಿಟ್ಟು ಸರ್ಕಾರದವರು ತರಬೇತಿ ಶುರು ಮಾಡಿದರು. 2011ರಲ್ಲಿ ಯುನೆಸ್ಕೊ ಈ ಇಡೀ ಬೆಟ್ಟಸಾಲನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಬರೀ ಕಾಡು ಎಂದಲ್ಲ, ರೈತರು ಕಟ್ಟಿದ ನೆಲ ಎಂದು. 2018ರಲ್ಲಿ ಸ್ಪೇನ್ ಸೇರಿ ಎಂಟು ದೇಶಗಳ ಒಣಗಲ್ಲು ಕಟ್ಟುವ ಕಲೆಗೂ ಅದೇ ಸಂಸ್ಥೆಯ ಮನ್ನಣೆ ಸಿಕ್ಕಿತು.

ಗಾರೆ ಯಾಕೆ ಹಾಕುವುದಿಲ್ಲ? ನೀರಿಗಾಗಿ. ಇಲ್ಲಿ ಮಳೆ ವರ್ಷದಲ್ಲಿ ಕೆಲವೇ ದಿನ, ಬಂದರೆ ಕೊಡದಿಂದ ಸುರಿದ ಹಾಗೆ. 2018ರ ಅಕ್ಟೋಬರಿನಲ್ಲಿ ದ್ವೀಪದ ಪೂರ್ವದ ಸಾಂತ್ ಯೊರೆನ್ಸ್ ಊರಿಗೆ ಕೆಲವೇ ಗಂಟೆಗಳಲ್ಲಿ ಪ್ರವಾಹ ನುಗ್ಗಿ 13 ಜನ ಸತ್ತರು. ಸಿಮೆಂಟಿನ ಗೋಡೆಯಾದರೆ ಹಿಂದೆ ನೀರು ನಿಂತು, ಭಾರ ಹೆಚ್ಚಾಗಿ, ಗೋಡೆ ಒಡೆದು ಒಮ್ಮೆಗೇ ಬೀಳುತ್ತದೆ. ಒಣಗಲ್ಲಿನ ಗೋಡೆಯ ಸಂದುಗಳಲ್ಲಿ ನೀರು ಬಸಿದು ಹೋಗುತ್ತದೆ, ಮಣ್ಣು ಉಳಿಯುತ್ತದೆ. ಗೋಡೆ ಸ್ವಲ್ಪ ಹಿಂದಕ್ಕೆ ವಾಲಿರುತ್ತದೆ. ಕಲ್ಲಿನ ಉದ್ದದ ಭಾಗ ಒಳಕ್ಕೆ ಹೋಗಬೇಕು, ಮುಖ ಮಾತ್ರ ಹೊರಗೆ. ಎರಡು ಕಲ್ಲಿನ ಸಂದು ಮೇಲಿನ ಸಾಲಿನ ಸಂದಿಗೆ ನೇರ ಬರಬಾರದು. ಬಿದ್ದರೂ ಹೊಸ ಸಾಮಾನು ತರಬೇಕಿಲ್ಲ, ಅದೇ ಕಲ್ಲು ಮತ್ತೆ ಮೇಲೇರುತ್ತದೆ.

ಇಷ್ಟು ಹೊತ್ತೂ ನಮ್ಮವನು ಮಾತಾಡಲಿಲ್ಲ. ಗುಡ್ಡೆಯಿಂದ ಒಂದು ಕಲ್ಲು ಎತ್ತಿ ತಿರುಗಿಸಿ ನೋಡಿದ. ಇನ್ನೊಂದು ಎತ್ತಿದ. ಹಿರಿಯರು ಅದನ್ನೇ ಗಮನಿಸುತ್ತಿದ್ದರು. ಗೋಡೆಯಲ್ಲಿದ್ದ ಒಂದು ಸಂದನ್ನು ತೋರಿಸಿ, ಇಡು ಎಂದು ಸನ್ನೆ ಮಾಡಿದರು. ಅವನು ನಾಲ್ಕನೇ ಕಲ್ಲನ್ನು ಆರಿಸಿ, ಸುತ್ತಿಗೆ ಕೇಳಿ, ಒಂದು ಮೂಲೆಗೆ ಎರಡು ಏಟು ಹಾಕಿ, ಇಟ್ಟ. ಅಲುಗಿತು. ಹಿರಿಯರು ಏನೂ ಹೇಳಲಿಲ್ಲ. ಅವನು ಕೆಳಗೆ ಹುಡುಕಿ ಒಂದು ಚಕ್ಕೆಗಲ್ಲನ್ನು ಹಿಂಬದಿಗೆ ತುರುಕಿ ಬಡಿದ. ಕಲ್ಲು ಕೂತಿತು. ಹಿರಿಯರು ಅದರ ಮೇಲೆ ಹತ್ತಿ ನಿಂತರು, ಎರಡೂ ಕಾಲಲ್ಲಿ. ಇಳಿದು, ‘ಬೆ’ ಎಂದರು. ಚೆನ್ನಾಗಿದೆ ಎಂದರ್ಥ. ಯಾರ ಬಳಿ ಕಲಿತೆ ಎಂದು ಕೇಳಿದರು.

‘ನಮ್ಮಜ್ಜನ ಹತ್ರ. ಕಲ್ಲಿಗೆ ಮೊಕ ಇರ್ತದೆ ಕಣಲಾ, ಮೊಕ ನೋಡಿ ಕೂರಿಸು ಅನ್ನೋರು.’

ನಾವು ಅದನ್ನು ಇಂಗ್ಲಿಷಿಗೆ ಮಾಡಿದೆವು, ಅಕ್ಕ ತಮ್ಮ ಮಾತಿಗೆ ಮಾಡಿದರು. ಹಿರಿಯರು ಕಲ್ಲಿನ ಹೊರಮೈಯನ್ನು ತಟ್ಟಿ ‘ಕಾರಾ’ ಎಂದರು. ಮುಖ. ಅವರೂ ಅದನ್ನೇ ಹೇಳುವುದು.

ಮತ್ತೆ ಹತ್ತುವಾಗ ನಮ್ಮವನು ತಾನಾಗಿ ಮಾತು ತೆಗೆದ. ಅವನು ಅಜ್ಜನ ಜೊತೆ ಬಾವಿ ಕೆಲಸಕ್ಕೆ ಹೋಗುತ್ತಿದ್ದದ್ದು ಹೈಸ್ಕೂಲ್ ರಜೆಯಲ್ಲಿ. ಕಾಲೇಜಿನ ಅರ್ಜಿಯಲ್ಲಿ ತಂದೆಯ ಕಸುಬು ಎಂಬ ಜಾಗ ಇತ್ತು, ಅಲ್ಲಿ ಅಪ್ಪ ‘ಕೃಷಿ’ ಎಂದು ಬರೆಸಿದ್ದರು. ಊರ ಮೇಲುಗೇರಿಯ ಬಾವಿಗಳನ್ನು ಕಟ್ಟಿದ್ದು ಅಜ್ಜ. ಆದರೆ ಕಟ್ಟಿ ಮುಗಿದ ಮೇಲೆ ಅದೇ ಬಾವಿಯ ನೀರನ್ನು ಅಜ್ಜನ ಕೈಗೆ ಮೇಲಿಂದ ಸುರಿಯುತ್ತಿದ್ದರು. ಇದನ್ನು ಐದು ವರ್ಷದ ಗೆಳೆತನದಲ್ಲಿ ಅವನು ನಮಗೆ ಹೇಳಿರಲಿಲ್ಲ. ಹೇಳಿದ್ದು ಬಿನಿಯಾರೈಶ್ ಮೆಟ್ಟಿಲುಗಳ ಮೇಲೆ, ಏದುಸಿರು ಬಿಡುತ್ತಾ, ನಮ್ಮ ಮುಖ ನೋಡದೆ. ನಾವೂ ಏನೂ ಹೇಳಲಿಲ್ಲ. ಹೇಳಲು ಉಸಿರೂ ಇರಲಿಲ್ಲ, ಮಾತೂ ಇರಲಿಲ್ಲ.

ಕೂಬೆರ್ ಜಲಾಶಯ ಪಾಲ್ಮಾ ನಗರಕ್ಕೆ ಕುಡಿಯುವ ನೀರು ಕೊಡುತ್ತದೆ. ಅಲ್ಲಿ ತಲೆಯ ಮೇಲೆ ಕಪ್ಪು ರಣಹದ್ದು ಸುತ್ತಿತು. ರೆಕ್ಕೆ ಬಿಚ್ಚಿದರೆ ಎರಡೂವರೆ ಮೀಟರ್ ದಾಟುವ ಹಕ್ಕಿ. ಈ ಬೆಟ್ಟದ ಕಮರಿಗಳಲ್ಲಿ ಒಂದು ಪುಟ್ಟ ಕಪ್ಪೆಯೂ ಇದೆ. 1977ರಲ್ಲಿ ವಿಜ್ಞಾನಿಗಳು ಅದನ್ನು ಗುರುತಿಸಿದ್ದು ಪಳೆಯುಳಿಕೆಯಾಗಿ, ಅಂದರೆ ನಿರ್ನಾಮವಾದದ್ದು ಎಂದು. ಕೆಲವೇ ವರ್ಷದಲ್ಲಿ ಜೀವಂತವಾಗಿ ಸಿಕ್ಕಿತು. ನಮಗೆ ಅದು ಕಾಣಲಿಲ್ಲ. ಬೊಬ್ಬೆ ಕಾಲಿನವನು ಬಹಳ ಹೊತ್ತು ಹುಡುಕಿದ, ಕೂರಲು ಒಂದು ನೆಪ ಬೇಕಿತ್ತು.

ತಂಗುಮನೆಯಲ್ಲಿ ಬಂಕು ಮಂಚ, ಒಂದೇ ಕೋಣೆಯಲ್ಲಿ ಹತ್ತಾರು ಜನ, ಬಿಸಿ ಸೂಪು. ಹೊರಗೆ ಕುರಿಗಳ ಗಂಟೆ ರಾತ್ರಿಯಿಡೀ. ಸಕಲೇಶಪುರದವಳ ಫೋನಿಗೆ ಅಲ್ಲಿ ಸಿಗ್ನಲ್ ಇರಲಿಲ್ಲ. ಆ ಒಂದು ರಾತ್ರಿ ಅವಳು ಚೆನ್ನಾಗಿ ನಿದ್ದೆ ಮಾಡಿದಳು.

ನಾಲ್ಕನೇ ದಿನ ಬೆಳಿಗ್ಗೆ ಒಂದು ಕಾಲುವೆಯ ಪಕ್ಕ ಹಾದೆವು. 18ನೇ ಶತಮಾನದಲ್ಲಿ ಬೆಟ್ಟದ ಮೇಲಿನ ಬುಗ್ಗೆಯಿಂದ ಕೆಳಗಿನ ಜಮೀನಿಗೆ ನೀರು ಒಯ್ಯಲು ಬಂಡೆಗಳ ಮೈಗೆ ಅಂಟಿಸಿದಂತೆ ಕಟ್ಟಿದ್ದು. ಮುಂದೆ 1,200 ಮೀಟರ್ ಎತ್ತರದ ಕಣಿವೆಬಾಯಿ ದಾಟಿದರೆ ಹಿಮದ ಮನೆಗಳು. ಇದನ್ನು ಓದುತ್ತಿರುವ ಐಸ್‌ಕ್ಯಾಂಡಿ ಗಾಡಿಯವರು ಗಮನವಿಟ್ಟು ಕೇಳಿ. ಫ್ರಿಜ್ಜು ಇಲ್ಲದ ಕಾಲದಲ್ಲಿ, ಚಳಿಗಾಲದಲ್ಲಿ ಬಿದ್ದ ಹಿಮವನ್ನು ಬುಟ್ಟಿಗಳಲ್ಲಿ ಹೊತ್ತು ತಂದು, ನೆಲದೊಳಗೆ ಕಲ್ಲಿನಿಂದ ಕಟ್ಟಿದ ದೊಡ್ಡ ಗುಂಡಿಗೆ ಸುರಿಯುತ್ತಿದ್ದರು. ಗಂಡಸರು ಒಳಗಿಳಿದು ತುಳಿಯುತ್ತಿದ್ದರು. ಒಂದು ಪದರ ಹಿಮ, ಒಂದು ಪದರ ಒಣಹುಲ್ಲು, ಮತ್ತೆ ಹಿಮ. ಬಾಯಿ ಮುಚ್ಚಿಬಿಟ್ಟರೆ ಬೇಸಿಗೆಯವರೆಗೆ ಗಟ್ಟಿ ಗಡ್ಡೆ. ಬೇಸಿಗೆಯ ರಾತ್ರಿಗಳಲ್ಲಿ, ಬಿಸಿಲು ಏರುವ ಮೊದಲು ತಲುಪುವ ಹಾಗೆ, ಹೇಸರಗತ್ತೆಗಳ ಮೇಲೆ ಪಾಲ್ಮಾಕ್ಕೆ ಒಯ್ಯುತ್ತಿದ್ದರು. ಜ್ವರ ಇಳಿಸಲು, ರಕ್ತ ನಿಲ್ಲಿಸಲು, ಉಳ್ಳವರ ಮನೆಯ ಸಿಹಿ ತಂಪು ಮಾಡಲು. ಕಾರ್ಖಾನೆಯ ಮಂಜುಗಡ್ಡೆ ಬಂದ ಮೇಲೆ, 1920ರ ದಶಕದಲ್ಲಿ ಈ ಕೆಲಸ ನಿಂತುಹೋಯಿತು. ಗುಂಡಿಗಳು ಈಗ ಬಾಯಿ ತೆರೆದುಕೊಂಡಿವೆ. ಬಗ್ಗಿ ನೋಡಿದರೆ ನಮ್ಮ ಹಗೇವಿನ ಹಾಗೇ. ಹಗೇವಿನಲ್ಲಿ ರಾಗಿ, ಇಲ್ಲಿ ಹಿಮ.

ಕೆಳಗಿಳಿದರೆ ಓಕ್ ಮರಗಳ ಕಾಡು, ನೆಲದಲ್ಲಿ ಅಲ್ಲಲ್ಲಿ ಕಣದಂಥ ದುಂಡನೆಯ ಕಲ್ಲುಕಟ್ಟೆಗಳು. ಇದ್ದಿಲು ಸುಡುತ್ತಿದ್ದ ಜಾಗ. ಗಂಡ, ಹೆಂಡತಿ, ಮಕ್ಕಳು ತಿಂಗಳುಗಟ್ಟಲೆ ಪಕ್ಕದ ಗುಡಿಸಲಲ್ಲಿ ಇದ್ದು ಕಟ್ಟಿಗೆಯ ಗೂಡನ್ನು ಹಗಲು ರಾತ್ರಿ ಕಾಯುತ್ತಿದ್ದರು. ಜ್ವಾಲೆ ಎದ್ದರೆ ಬೂದಿ, ಆರಿದರೆ ನಷ್ಟ. ಗ್ಯಾಸ್ ಸಿಲಿಂಡರ್ ಬಂದ ಮೇಲೆ ಅವರೂ ಕಾಡು ಬಿಟ್ಟರು. ಕಷ್ಟದ ಕೆಲಸ ಹೋದದ್ದಕ್ಕೆ ನಮಗೆ ದುಃಖವಿಲ್ಲ, ಅಕ್ಕನಿಗೂ ಇಲ್ಲ. ‘ನನ್ನಜ್ಜಿ ಇದ್ದಿಲಿನ ಗುಡಿಸಲಲ್ಲಿ ಹುಟ್ಟಿದವಳು. ಅವಳನ್ನು ವಾಪಸು ಹೋಗುತ್ತೀಯಾ ಎಂದು ಕೇಳಿದ್ದರೆ ಪೊರಕೆ ತೆಗೆದುಕೊಳ್ಳುತ್ತಿದ್ದಳು’ ಎಂದರು.

ಆದರೆ ಜನ ಬಿಟ್ಟ ಜಾಗ ಸುಮ್ಮನಿರುವುದಿಲ್ಲ. ಸಾಗುವಳಿ ನಿಂತ ಮೆಟ್ಟಿಲುಗದ್ದೆಗೆ ಪೈನ್ ಮರ ನುಗ್ಗುತ್ತದೆ. ಪೈನ್ ಬೇಗ ಉರಿಯುತ್ತದೆ. 2013ರ ಜುಲೈನಲ್ಲಿ ಆಂಡ್ರಾಚ್ ಕಡೆ ಹತ್ತಿದ ಬೆಂಕಿ 2,000 ಹೆಕ್ಟೇರಿಗೂ ಹೆಚ್ಚು ಸುಟ್ಟಿತು. ಕಾಡು ಬೆಳೆದರೆ ಒಳ್ಳೆಯದೇ ಅಲ್ಲವಾ ಎಂದು ಗುಂಪಿನ ಒಬ್ಬರು ಕೇಳಿದರು. ಉತ್ತು, ಮೇಯಿಸಿ, ಬದು ನೋಡಿಕೊಳ್ಳುವ ಜನ ಇದ್ದಾಗ ಬೆಂಕಿ ಅಲ್ಲಲ್ಲೇ ನಿಲ್ಲುತ್ತಿತ್ತು ಎಂದರು ಅಕ್ಕ.

ಸಂಜೆ ಯೂಕ್. 13ನೇ ಶತಮಾನದಿಂದ ಯಾತ್ರೆಯ ಜಾಗ. ಕಪ್ಪು ಮೈಬಣ್ಣದ ಮೇರಿ ಮಾತೆಯ ಚಿಕ್ಕ ವಿಗ್ರಹ. ನೀಲಿ ನಿಲುವಂಗಿಯ ಮಕ್ಕಳ ಹಾಡುವ ತಂಡಕ್ಕೆ 1531ರಿಂದ ಇತಿಹಾಸ ಇದೆ. ನೆಲದ ಮೇಲೆ ಕೂತು ಚಪ್ಪಲಿ ಬಿಚ್ಚಿ ಕಾಲು ಒತ್ತಿಕೊಳ್ಳುತ್ತಿದ್ದ ಮುದುಕಿಯರನ್ನು ನೋಡಿದರೆ ಮಲೆ ಮಾದೇಶ್ವರನ ಬೆಟ್ಟದಲ್ಲೇ ಇದ್ದೇವೆ ಅನ್ನಿಸಿತು.

ಅಲ್ಲಿ ಸಿಗ್ನಲ್ ಬಂತು. ಅಪ್ಪನ ಮೂರು ಮೆಸೇಜು ಒಟ್ಟಿಗೆ ಬಿದ್ದವು. ದಲ್ಲಾಳಿ ಎಕರೆಗೆ ಇನ್ನಷ್ಟು ಏರಿಸಿದ್ದ. ‘ನಿಮ್ಮಣ್ಣ ಮಾರಣ ಅಂತಾನೆ. ನೀ ಏನಂತಿ?’ ಅವಳು ಫೋನು ಹಿಡಿದುಕೊಂಡು ಅಕ್ಕನ ಬಳಿ ಕೂತಳು. ಮಾರಿದ್ದಕ್ಕೆ ಈಗ ಬೇಜಾರಿದೆಯಾ ಎಂದು ನೇರ ಕೇಳಿದಳು.

ಅಕ್ಕ ತಕ್ಷಣ ಉತ್ತರಿಸಲಿಲ್ಲ. ಅಜ್ಜಿಯ ಮನೆ ಸೋರುತ್ತಿತ್ತು, ಅಣ್ಣನಿಗೆ ಸಾಲವಿತ್ತು, ಆಲಿವ್ ಎಣ್ಣೆಯಿಂದ ಕೊಯ್ಲಿನ ಕೂಲಿಯೂ ಹುಟ್ಟುತ್ತಿರಲಿಲ್ಲ ಎಂದರು. ಮಾರದೆ ಇರಬಹುದಿತ್ತು ಎಂದು ಯಾರಾದರೂ ಹೇಳಿದರೆ ಈಗಲೂ ಸಿಟ್ಟು ಬರುತ್ತದಂತೆ. ‘ಆದರೆ ಒಂದು ವಿಷಯ. ನಾವು ಒಬ್ಬೊಬ್ಬರೇ ಮಾರಿದೆವು. ಪ್ರತಿ ಮನೆಗೂ ಅದರದೇ ಕಾರಣ ಇತ್ತು, ಎಲ್ಲವೂ ಸರಿಯಾದ ಕಾರಣವೇ. ಒಟ್ಟು ಲೆಕ್ಕ ಹಾಕಿ ನೋಡಿದಾಗ ಊರೇ ಹೋಗಿತ್ತು. ಬೀದಿಯ ಶಾಲೆಗೆ ಮಕ್ಕಳಿಲ್ಲ. ಕೊಂಡವರು ಕೆಟ್ಟವರಲ್ಲ, ಗೋಡೆಯನ್ನೂ ರಿಪೇರಿ ಮಾಡಿಸುತ್ತಾರೆ. ಆದರೆ ಮಳೆ ಬಂದ ರಾತ್ರಿ ಎದ್ದು ಹೋಗಿ ಕಾಲುವೆಯ ಕಸ ತೆಗೆಯುವವರು ಯಾರೂ ಇಲ್ಲ.’

2023ರಲ್ಲಿ ಈ ದ್ವೀಪಸಮೂಹಕ್ಕೆ 1 ಕೋಟಿ 70 ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ಬಂದರು. ಅಲ್ಲಿನ ಜನಸಂಖ್ಯೆ ಸುಮಾರು 12 ಲಕ್ಷ. 2024ರ ಬೇಸಿಗೆಯಲ್ಲಿ ಪಾಲ್ಮಾದ ಬೀದಿಗಳಲ್ಲಿ ಸಾವಿರಾರು ಸ್ಥಳೀಯರು ಮೆರವಣಿಗೆ ಮಾಡಿದರು, ನಮಗೆ ಇರಲು ಮನೆ ಬೇಕು ಎಂದು. ನಾವೂ ಪ್ರವಾಸಿಗರೇ ಅಲ್ಲವಾ ಅಕ್ಕ ಎಂದೆವು. ‘ಹೌದು. ನೀವು ಬಂದದ್ದರಿಂದಲೇ ನನ್ನ ಬಾಡಿಗೆ ಕಟ್ಟುತ್ತೇನೆ’ ಎಂದರು. ಮುಖದಲ್ಲಿ ವ್ಯಂಗ್ಯ ಇರಲಿಲ್ಲ, ಸಮಾಧಾನವೂ ಇರಲಿಲ್ಲ.

ಕೊನೆಯ ದಿನ ಪೊಯೆನ್ಸಾಕ್ಕೆ 17 ಕಿಲೋಮೀಟರ್, ಇಳಿಜಾರು, ಹೇಳಿಕೊಳ್ಳುವಂಥದ್ದು ಕಡಿಮೆ. ಮಳೆ ಹಿಡಿಯಿತು. ದಾರಿಯ ಪಕ್ಕದ ಒಂದು ಹಳೆಯ ಬದುವಿನ ಎದುರು ಅಕ್ಕ ನಮ್ಮನ್ನು ನಿಲ್ಲಿಸಿದರು. ಮೇಲಿನ ಹೊಲದಲ್ಲಿ ನೀರು ನಿಂತಿತ್ತು. ಗೋಡೆಯ ಒಂದೊಂದು ಸಂದಿನಿಂದಲೂ ದಾರದಷ್ಟು ತೆಳ್ಳಗೆ ನೀರು ಹೊರಬರುತ್ತಿತ್ತು, ಸ್ವಚ್ಛ, ಮಣ್ಣಿನ ಬಣ್ಣವಿಲ್ಲದೆ. ಚಿತ್ರದುರ್ಗದವನು ವಿಡಿಯೊ ಮಾಡಿ ಅಜ್ಜಿಗೆ ಕಳಿಸಿದ. ಅಜ್ಜ ತೀರಿಕೊಂಡು ಆರು ವರ್ಷ. ಅಜ್ಜಿಗೆ ಓದಲು ಬರುವುದಿಲ್ಲ, ವಿಡಿಯೊ ನೋಡುತ್ತಾರೆ. ಹಡಗು ಹತ್ತುವ ಹೊತ್ತಿಗೆ ಉತ್ತರ ಬಂತು: ‘ಚೆನ್ನಾಗಿ ಕಟ್ಟವ್ರೆ. ಮೂರನೇ ಸಾಲಿನಾಗೆ ಒಂದು ಕಲ್ಲು ಅಡ್ಡ ಕೂತೈತೆ ನೋಡು.’ ವಿಡಿಯೊ ನಿಲ್ಲಿಸಿ ದೊಡ್ಡದು ಮಾಡಿ ನೋಡಿದೆವು. ಕೂತಿತ್ತು.

ಸಕಲೇಶಪುರದವಳು ಹಡಗಿನ ಡೆಕ್ ಮೇಲೆ ನಿಂತು ಅಪ್ಪನಿಗೆ ಫೋನ್ ಮಾಡಿದಳು. ಮಾರಬೇಡ ಎಂದೂ ಹೇಳಲಿಲ್ಲ, ಮಾರು ಎಂದೂ ಹೇಳಲಿಲ್ಲ. ಅಕ್ಕಪಕ್ಕದ ತೋಟದವರು ಯಾರು ಯಾರು ಮಾರುತ್ತಿದ್ದಾರೆ, ಎಲ್ಲರೂ ಒಮ್ಮೆ ಕೂತು ಮಾತಾಡಿದ್ದಾರಾ ಎಂದು ಕೇಳಿದಳು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇಲ್ಲ ಮಗಾ, ಯಾರೂ ಯಾರಿಗೂ ಹೇಳ್ತಿಲ್ಲ’ ಎಂದರು. ಕಾಫಿ ಕೊಯ್ಲು ಮುಗಿಯುವವರೆಗೆ ತಡಿ ಎಂದು ದಲ್ಲಾಳಿಗೆ ಹೇಳಿದ್ದಾರಂತೆ. ಕೊಯ್ಲು ಇನ್ನೂ ನಡೆಯುತ್ತಿದೆ.